ನಗರಾರಕ್ಷಣೆಯೂ ನಷ್ಟದ ಹೊಣೆಯೂ: ತಳಾರನಿಂದ ಪೋಲೀಸು ಕಮಿಷನರವರೆಗೆ

ನಮ್ಮ ದೇಶದ ಪೋಲೀಸು ವ್ಯವಸ್ಥೆಯನ್ನು ಕುರಿತು ಇದುವರೆಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಅಧಿಕಾರದ ಇತಿಹಾಸಗಳೇ ಆಗಿವೆ. ಯಾವ ಕಾನೂನು ಯಾವ ವರ್ಷ ಬಂದಿತು, ಯಾವ ಅಧಿಕಾರಿಯ ಕೈಕೆಳಗೆ ಯಾರಿದ್ದರು ಎಂಬ ವಿವರಗಳು ಅಲ್ಲಿ ಧಾರಾಳವಾಗಿ ದೊರೆಯುತ್ತವೆ. ಆದರೆ ಪಟ್ಟಣದಲ್ಲಿ ವಾಸಿಸುವ ಸಾಮಾನ್ಯನ ಕಡೆಯಿಂದ ನೋಡಿದರೆ ಮೊದಲು ಏಳುವ ಪ್ರಶ್ನೆ ಬೇರೆ. ರಾತ್ರಿ ಮನೆಗೆ ಕನ್ನ ಬಿತ್ತು, ಕಾವಲಿಗೆಂದು ಅವನು ತೆರಿಗೆ ತೆತ್ತಿದ್ದಾನೆ, ಕಳ್ಳ ಸಿಕ್ಕಲಿಲ್ಲ. ಈ ನಷ್ಟವನ್ನು ಹೊರತಕ್ಕವರು ಯಾರು? ಪ್ರಾಚೀನರು ಈ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಟ್ಟಿದ್ದರು. ಆ ಉತ್ತರ ಏನಾಗಿತ್ತು, ನಗರದೊಳಗೆ ಅದು ಆಚರಣೆಯಲ್ಲಿ ಹೇಗೆ ನಡೆಯಿತು, ಅದರ ಭಾರ ಯಾರ ಹೆಗಲ ಮೇಲೆ ಬಿದ್ದಿತು, ಮುಂದೆ ಹೇಗೆ ಕಣ್ಮರೆಯಾಯಿತು ಎಂಬುದನ್ನು, ವಿಜಯನಗರ ಪಟ್ಟಣವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿಚಾರ ಮಾಡಲಾಗಿದೆ.

ನಗರಾರಕ್ಷಣೆಯನ್ನು ಕುರಿತ ನಮ್ಮ ಅತಿ ವಿಸ್ತಾರವಾದ ಪ್ರಾಚೀನ ವಿವರಣೆ ಕೌಟಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿದೆ. ಈ ಗ್ರಂಥವನ್ನು ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದರೆಂಬುದು ಸುವಿದಿತ. ಅದರ ಕಾಲದ ವಿಚಾರ ಇಂದಿಗೂ ವಾದಗ್ರಸ್ತವಾಗಿದೆ. ಪ್ರಕೃತಕ್ಕೆ ಆ ವಾದ ಅನಾವಶ್ಯಕ. ಪಟ್ಟಣದ ಹೊಣೆಗಾರನಿಗೆ ಅಲ್ಲಿ ‘ನಾಗರಿಕ’ನೆಂದು ಹೆಸರು. ಇಂದು ನಾವು ಪ್ರಜೆಯೆಂಬ ಅರ್ಥದಲ್ಲಿ ಬಳಸುವ ಮಾತು ಅಂದು ಪ್ರಜೆಯನ್ನು ಕಾಯುವ ಅಧಿಕಾರಿಯ ಹೆಸರಾಗಿತ್ತೆಂಬುದು ಸ್ವಾರಸ್ಯವಾಗಿದೆ. ಅವನ ಕೈಕೆಳಗೆ ಪಟ್ಟಣದ ನಾಲ್ಕನೆಯ ಒಂದು ಭಾಗಕ್ಕೆ ಒಬ್ಬ ‘ಸ್ಥಾನಿಕ’; ಹತ್ತು, ಇಪ್ಪತ್ತು ಅಥವಾ ನಲವತ್ತು ಕುಟುಂಬಗಳಿಗೆ ಒಬ್ಬ ‘ಗೋಪ’. ಗೋಪನಾದವನು ತನ್ನ ಪಾಲಿನ ಸ್ತ್ರೀಪುರುಷರ ಜಾತಿ, ಗೋತ್ರ, ಹೆಸರು, ಕಸುಬುಗಳನ್ನಲ್ಲದೆ ಅವರ ಆದಾಯ ವೆಚ್ಚಗಳನ್ನೂ ತಿಳಿದಿರಬೇಕು. ಇಷ್ಟನ್ನೇ ಓದಿದರೆ ಇದು ಬರಿಯ ಗೂಢಚಾರಿಕೆಯ ಯಂತ್ರವೆಂದು ತೋರುವುದು ಸಹಜ. ಆದರೆ ಅದೇ ಅಧ್ಯಾಯದ ಉಳಿದ ಭಾಗವನ್ನೂ ಗಮನಿಸಬೇಕು.

ಬೆಂಕಿಯ ವಿಚಾರವನ್ನೇ ತೆಗೆದುಕೊಳ್ಳೋಣ. ಬೇಸಗೆಯಲ್ಲಿ ಹಗಲಿನ ನಡುವಣ ಎರಡು ಭಾಗಗಳಲ್ಲಿ ಒಲೆ ಹೊತ್ತಿಸಬಾರದು. ಮನೆಮನೆಯಲ್ಲೂ ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ಚರ್ಮದ ಚೀಲ ಸಿದ್ಧವಾಗಿರಬೇಕು. ರಾಜಬೀದಿಗಳಲ್ಲೂ ಚೌಕಗಳಲ್ಲೂ ನೀರಿನ ಗಡಿಗೆಗಳು ಸಾಲುಸಾಲಾಗಿ ಸಾವಿರಗಟ್ಟಲೆ ಇರಬೇಕು. ಬೆಂಕಿ ಬಿದ್ದಾಗ ನಂದಿಸಲು ಓಡಿಬಾರದ ಮನೆಯ ಯಜಮಾನನಿಗೆ 12 ಪಣ ದಂಡ, ಬಾಡಿಗೆಯವನಿಗೆ 6 ಪಣ. ಬೀದಿಗೆ ಕಸ ಎಸೆದವನಿಗೆ, ಕೆಸರುನೀರು ನಿಲ್ಲಿಸಿದವನಿಗೆ ಬೇರೆ ಬೇರೆ ದಂಡಗಳು. ಕಳೆದುಹೋದ, ಮರೆತುಬಿಟ್ಟ, ತಪ್ಪಿಸಿಕೊಂಡುಹೋದ ವಸ್ತುಗಳನ್ನು ಕಾಪಾಡಿಡುವುದು ನಾಗರಿಕನ ದಿನನಿತ್ಯದ ಕೆಲಸಗಳಲ್ಲಿ ಒಂದು. ರಾತ್ರಿ ತೂರ್ಯ ಮೊಳಗಿದ ಮೇಲೆ ಹೊರಗೆ ತಿರುಗಬಾರದೆಂಬ ನಿಯಮವೇನೋ ಇತ್ತು. ಆದರೆ ಹೆರಿಗೆಗಾಗಿ, ವೈದ್ಯನಿಗಾಗಿ, ಸಾವು ಸಂಭವಿಸಿದುದರಿಂದ, ಬೆಂಕಿ ಬಿದ್ದುದರಿಂದ, ದೀಪ ಹಿಡಿದು ಹೊರಟವರನ್ನು ತಡೆಯಬಾರದು. ತಡೆಯಬಾರದವರನ್ನು ತಡೆದ ಕಾವಲುಗಾರನಿಗೂ, ತಡೆಯಬೇಕಾದವರನ್ನು ಬಿಟ್ಟ ಕಾವಲುಗಾರನಿಗೂ ದಂಡ ಒಂದೇ ಸಮ. ನಿಯಮ ಮೀರಿದ ಪ್ರಜೆ ತೆರಬೇಕಾದುದರ ಎರಡರಷ್ಟು. ಮನೆತನದ ಹೆಣ್ಣಿನ ಮೇಲೆ ಕೈಮಾಡಿದ ಕಾವಲುಗಾರನಿಗೆ ಮರಣದಂಡನೆ. ಕಾಯುವವನ ತಪ್ಪಿಗೆ ಕಾಯಲ್ಪಡುವವನ ತಪ್ಪಿಗಿಂತ ಹೆಚ್ಚಿನ ಶಿಕ್ಷೆಯೆಂಬ ಈ ತತ್ತ್ವವೇ ನಮ್ಮ ವಿಚಾರದ ಮೂಲ.

ನಷ್ಟದ ಹೊಣೆ ಈ ತತ್ತ್ವದಿಂದಲೇ ಹುಟ್ಟಿದುದು. ಹಳ್ಳಿಯೊಳಗೆ ತಂಗಿದ ಸಾರ್ಥವಾಹನ ಸೊತ್ತು ರಾತ್ರಿ ಕಳವಾದರೆ ಗ್ರಾಮದ ಒಡೆಯನು ಕೊಡಬೇಕು. ಎರಡು ಹಳ್ಳಿಗಳ ನಡುವೆ ಕಳವಾದರೆ ವಿವೀತಾಧ್ಯಕ್ಷನು, ಎಂದರೆ ಗೋಮಾಳದ ಅಧಿಕಾರಿಯು, ಕೊಡಬೇಕು ಎಂದು ಕೌಟಿಲ್ಯನು ವಿಧಿಸುತ್ತಾನೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಇದೇ ವಿಧಿ ಇನ್ನೂ ಸೂಕ್ಷ್ಮವಾಗಿದೆ. ಕಳವಾದ ಎಲ್ಲೆಯೊಳಗಿನ ಗ್ರಾಮ, ಅಥವಾ ಕಳ್ಳನ ಹೆಜ್ಜೆ ಯಾವ ಗ್ರಾಮವನ್ನು ಹೊಕ್ಕಿತೋ ಆ ಗ್ರಾಮ ನಷ್ಟವನ್ನು ತೆರಬೇಕು. ಎಲ್ಲರ ಮೇಲೆ ರಾಜ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿದ್ದವನು. ಕಳ್ಳನಿಂದ ಕಿತ್ತುಕೊಂಡ ಸೊತ್ತನ್ನು ರಾಜನು ತಾನೇ ಇಟ್ಟುಕೊಂಡರೆ ಕಳ್ಳನ ಪಾಪ ಅವನಿಗೆ; ಉಪೇಕ್ಷೆ ಮಾಡಿದರೆ ಪ್ರಜೆಯ ಪಾಪ ಅವನಿಗೆ; ಪ್ರಯತ್ನಪಟ್ಟೂ ತರಲಾರದೆ ಹೋದರೆ ಅಷ್ಟು ಧನವನ್ನು ತನ್ನ ಬೊಕ್ಕಸದಿಂದ ಕೊಡಬೇಕು. ಗೌತಮನ ವಚನವನ್ನು ಆಧಾರವಾಗಿಟ್ಟುಕೊಂಡು ವಿಜ್ಞಾನೇಶ್ವರನು ಹೀಗೆ ನಿರ್ಣಯಿಸಿದ್ದಾನೆ. ರಾಜನು ಆರನೆಯ ಒಂದು ಭಾಗವನ್ನು ತೆಗೆದುಕೊಳ್ಳುವುದು ರಕ್ಷಣೆಯ ಕೂಲಿಗಾಗಿ. ಕೆಲಸ ಕೆಟ್ಟರೆ ಕೂಲಿಯನ್ನು ಹಿಂದಕ್ಕೆ ಕೊಡಬೇಕಾದುದು ನ್ಯಾಯವೇ ಅಲ್ಲವೆ?

ಇದು ಕೇವಲ ಪೌರಸ್ತ್ಯರ ಕಲ್ಪನೆಯೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ 1285ರ ವಿಂಚೆಸ್ಟರ್ ಶಾಸನವು ದರೋಡೆಯ ನಷ್ಟಕ್ಕೆ ‘ಹಂಡ್ರೆಡ್’ ಎಂಬ ನಾಡಿನ ವಿಭಾಗವನ್ನೇ ಒಟ್ಟಾಗಿ ಹೊಣೆ ಮಾಡಿತ್ತು.

ಕನ್ನಡ ನಾಡಿನಲ್ಲಿ ಈ ಕೆಲಸದವನ ಹೆಸರು ‘ತಳಾರ’ ಅಥವಾ ‘ತಳವಾರ’. ಕ್ರಿ. ಶ. ಮೂರನೆಯ ಶತಮಾನದ ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ ‘ಮಹಾತಲವರ’ರು ರಾಜಬಂಧುಗಳಾದ ದೊಡ್ಡ ಅಧಿಕಾರಿಗಳಾಗಿ ಕಾಣಿಸಿಕೊಳ್ಳುತ್ತಾರೆ. ಅದೇ ಮಾತು ತಮಿಳಿನಲ್ಲಿ ತಲೈಯಾರಿ, ತೆಲುಗಿನಲ್ಲಿ ತಲಾರಿ. ಹನ್ನೆರಡನೆಯ ಶತಮಾನದ ಹೇಮಚಂದ್ರನು ತನ್ನ ದೇಶೀನಾಮಮಾಲೆಯಲ್ಲಿ ತಲಾರನೆಂದರೆ ನಗರಾರಕ್ಷಕನೆಂದು ಅರ್ಥ ಹೇಳಿದ್ದಾನೆ. ಆದುದರಿಂದ ಹಳ್ಳಿಯ ಆಯಗಾರರ ಸಾಲಿನಲ್ಲಿ ನಾವು ಕಾಣುವ ತಳವಾರನು ಒಂದು ಕಾಲಕ್ಕೆ ಪಟ್ಟಣದ ಅಧಿಕಾರಿಯೂ ಆಗಿದ್ದನೆಂಬುದರಲ್ಲಿ ಸಂಶಯವಿಲ್ಲ. ವಿಜಯನಗರ ಕಾಲದ ಶಾಸನಗಳಲ್ಲಿ ಅವನ ಸಂಬಳಕ್ಕಾಗಿ ಎತ್ತುತ್ತಿದ್ದ ‘ತಳವಾರಿಕೆ’ ಎಂಬ ತೆರಿಗೆಯ ಉಲ್ಲೇಖವಿದೆ.

ಈ ತಳಾರನ ಬಾಳು ಎಂಥದೆಂಬುದನ್ನು ತಿಳಿಯಲು ಶಾಸನಗಳಿಗಿಂತ ವಡ್ಡಾರಾಧನೆ ಹೆಚ್ಚು ಸಹಾಯಕ. ಸುಮಾರು ಹತ್ತನೆಯ ಶತಮಾನದ ಈ ಗದ್ಯಗ್ರಂಥದ ವಿದ್ಯುಚ್ಚೋರನ ಕಥೆಯಲ್ಲಿ ಮಿಥಿಲೆಯ ಅರಸನ ಹಾರ ಕಳವಾಗುತ್ತದೆ. ಅರಸನು ಯಮದಂಡನೆಂಬ ತಳಾರನನ್ನು ಕರೆಸಿ ಏಳು ದಿನಗಳ ಅವಧಿ ಕೊಡುತ್ತಾನೆ. ಅಷ್ಟರೊಳಗೆ ಕಳ್ಳ ಸಿಕ್ಕದಿದ್ದರೆ ಕಳ್ಳನ ದಂಡನೆ ತಳಾರನಿಗೇ. ಏಳನೆಯ ದಿನ ತಳಾರನು ಪಾಳುದೇಗುಲವೊಂದರಲ್ಲಿದ್ದ ಒಬ್ಬ ಕುಷ್ಠರೋಗಿಯನ್ನು ಹಿಡಿದು ತರುತ್ತಾನೆ. ಅವನು ತಾನು ಕಳ್ಳನಲ್ಲವೆಂದು ಹೇಳುತ್ತಾನೆ; ಅವನಿಗೆ ಬಗೆಬಗೆಯ ಯಾತನೆಗಳು ಆಗುತ್ತವೆ. ಕಥೆಯಲ್ಲಿ ಆ ರೋಗಿಯು ವೇಷಧಾರಿಯಾದ ಕಳ್ಳನೇ ಆಗಿದ್ದುದರಿಂದ ಓದುಗರ ಮನಸ್ಸು ನಿರಾಳವಾಗುತ್ತದೆ. ಜೈನ ಕಥಾಕಾರನ ಉದ್ದೇಶ ವೈರಾಗ್ಯ ಬೋಧನೆಯೇ ಹೊರತು ಪೋಲೀಸು ವಿಚಾರವಲ್ಲ. ಆದರೂ ಏಳು ದಿನಗಳ ಆ ಗಡುವಿನ ಕೊನೆಗೆ ದಿಕ್ಕಿಲ್ಲದ ನಿಜವಾದ ರೋಗಿಯೇ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತು? ಹೊಣೆಯ ತತ್ತ್ವ ಧರ್ಮಶಾಸ್ತ್ರದಲ್ಲಿ ಎಷ್ಟು ನಿರ್ಮಲವಾಗಿ ಕಾಣುತ್ತದೆಯೋ ಬೀದಿಯಲ್ಲಿ ಅಷ್ಟು ನಿರ್ಮಲವಾಗಿರಲಿಲ್ಲವೆಂಬುದಕ್ಕೆ ಈ ಕಥೆ ನಮಗೆ ಸಾಕಷ್ಟು ಸೂಚನೆ ಕೊಡುತ್ತದೆ.

ಇನ್ನು ವಿಜಯನಗರಕ್ಕೆ ಬರೋಣ. ಪಾರಸೀಕ ದೊರೆ ಷಾ ರುಖನ ರಾಯಭಾರಿಯಾದ ಅಬ್ದುರ್ ರಜಾಕನು 1443ರಲ್ಲಿ, ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, ಈ ಪಟ್ಟಣಕ್ಕೆ ಬಂದನು. ಅವನು ಕಂಡ ಏಳು ಸುತ್ತಿನ ಕೋಟೆ, ಅಂಗಡಿಬೀದಿಗಳು, ಮಹಾನವಮಿಯ ವೈಭವ ಇವನ್ನು ನಮ್ಮ ಪಠ್ಯಪುಸ್ತಕಗಳೆಲ್ಲ ಉದ್ಧರಿಸಿವೆ. ಅದೇ ವರದಿಯ ಪೋಲೀಸು ವಿಚಾರಕ್ಕೆ ದೊರೆತ ಗಮನ ಕಡಮೆ. ಟಂಕಸಾಲೆಯ ಎದುರಿಗೆ ನಗರಾಧ್ಯಕ್ಷನ ಕಚೇರಿ. ಅದಕ್ಕೆ ಸೇರಿದವರು 12,000 ಮಂದಿ ಕಾವಲುಗಾರರೆಂದು ಜನ ಹೇಳುತ್ತಿದ್ದರಂತೆ. ಅವರ ಸಂಬಳ ದಿನಕ್ಕೆ 12,000 ಪಣ. ಅದು ಬರುತ್ತಿದ್ದುದು ವೇಶ್ಯಾವಾಟಿಕೆಗಳ ಸುಂಕದಿಂದ. ಏಳು ಕೋಟೆಗಳೊಳಗೆ ನಡೆಯುವುದನ್ನೆಲ್ಲ ತಿಳಿಯುವುದು, ಕಳೆದುಹೋದದ್ದನ್ನೂ ಕಳವಾದದ್ದನ್ನೂ ಹುಡುಕಿ ಕೊಡುವುದು ಅವರ ಕೆಲಸ. ಹುಡುಕಿ ಕೊಡದಿದ್ದರೆ ಅವರೇ ದಂಡ ತೆರಬೇಕು.

ಒಬ್ಬನಿಗೆ ಒಂದು ಪಣದಂತೆ 12,000 ಮಂದಿಗೆ 12,000 ಪಣ ಎಂಬ ಲೆಕ್ಕ ಬಹಳ ಅಂದವಾಗಿದೆ. ಇಷ್ಟು ಅಂದವಾದ ಲೆಕ್ಕವನ್ನು ಇತಿಹಾಸಕಾರನು ಸ್ವಲ್ಪ ಸಂಕೋಚದಿಂದಲೇ ಸ್ವೀಕರಿಸಬೇಕು. ಹೇಳಿದವನೂ ಕೇಳಿದ ಮಾತೆಂದೇ ಹೇಳಿದ್ದಾನೆ. ಆದರೆ ಅದರ ಹಿಂದೆಯೇ ಅವನು ಕೊಡುವ ಒಂದು ಘಟನೆ ಕೇಳಿದ ಮಾತಲ್ಲ, ಅವನ ಗುಂಪಿಗೇ ಆದ ಅನುಭವ. ಅವನ ಸಂಗಡಿಗರು ಕೊಂಡಿದ್ದ ಕೆಲವು ಗುಲಾಮರು ಓಡಿಹೋದರು. ನಗರಾಧ್ಯಕ್ಷನಿಗೆ ದೂರು ಹೋಯಿತು. ಅತ್ಯಂತ ಬಡವರು ವಾಸಿಸುವ ಕೇರಿಯ ಕಾವಲುಗಾರರನ್ನು ಕರೆಸಿ, ಗುಲಾಮರನ್ನು ತಂದೊಪ್ಪಿಸಬೇಕು, ಇಲ್ಲವೆ ಬೆಲೆ ತೆರಬೇಕು ಎಂದು ಅವನು ಆಜ್ಞೆ ಮಾಡಿದನು. ಕಾವಲುಗಾರರು ಬೆಲೆ ಎಷ್ಟೆಂದು ವಿಚಾರಿಸಿ ಅದನ್ನು ಕೊಟ್ಟುಬಿಟ್ಟರು.

ಈ ಚಿಕ್ಕ ವೃತ್ತಾಂತವನ್ನು ನಮ್ಮ ವಿದ್ವಾಂಸರು ವಿಜಯನಗರದ ಆಡಳಿತ ದಕ್ಷತೆಗೆ ಸಾಕ್ಷ್ಯವಾಗಿ ಉಲ್ಲೇಖಿಸುವುದುಂಟು. ದಕ್ಷತೆ ಇದ್ದುದೇನೋ ನಿಜ. ಪರದೇಶದವನು ದೂರು ಕೊಟ್ಟ ಮಾತ್ರಕ್ಕೆ ಅವನ ನಷ್ಟವನ್ನು ತುಂಬಿಕೊಟ್ಟ ಪಟ್ಟಣಗಳು ಅಂದಿನ ಜಗತ್ತಿನಲ್ಲಿ ಹೆಚ್ಚಾಗಿರಲಾರವು. ವ್ಯಾಪಾರಿಗಳು ಎಲ್ಲೆಲ್ಲಿಂದಲೋ ಇಲ್ಲಿಗೆ ಬಂದು ವಜ್ರವನ್ನೂ ಕುದುರೆಯನ್ನೂ ಮಾರುತ್ತಿದ್ದುದಕ್ಕೆ ಈ ಭರವಸೆಯೂ ಒಂದು ಕಾರಣವಾಗಿದ್ದೀತು. ಆದರೆ ಹಣ ಬಂದುದು ಎಲ್ಲಿಂದ ಎಂಬುದನ್ನು ಕೇಳದೆ ಇರಲಾಗದು. ಸಂಬಳ ಬಂದುದು ವೇಶ್ಯಾವೃತ್ತಿಯ ಹೆಂಗಸರ ದುಡಿಮೆಯಿಂದ. ದಂಡ ಬಂದುದು ಬಡಕೇರಿಯ ಕಾವಲುಗಾರರಿಂದ. ಅವರು ಆ ಮೊತ್ತವನ್ನು ತಮ್ಮ ದಿನಗೂಲಿಯಿಂದ ಕೊಟ್ಟರೋ ಕೇರಿಯ ಮನೆಗಳಿಂದ ಎತ್ತಿ ಕೊಟ್ಟರೋ ರಾಯಭಾರಿ ಬರೆದಿಲ್ಲ. ವಿಚಾರಿಸುವುದು ಅವನಿಗೆ ಅಗತ್ಯವಾಗಿಯೂ ಇರಲಿಲ್ಲ. ಧರ್ಮಶಾಸ್ತ್ರದಲ್ಲಿ ರಾಜನ ಬೊಕ್ಕಸದವರೆಗೆ ಏರಬೇಕಾಗಿದ್ದ ಹೊಣೆ ಇಲ್ಲಿ ಮೇಲಕ್ಕೆ ಏರಲಿಲ್ಲ, ಕೆಳಗೇ ನಿಂತಿತು. ಓಡಿಹೋದ ಗುಲಾಮರು ಮಾತ್ರ ಮತ್ತೆ ಸಿಕ್ಕಿದಂತೆ ಕಾಣುವುದಿಲ್ಲ. ಕಾವಲುಗಾರರು ಹುಡುಕುವುದಕ್ಕಿಂತ ಬೆಲೆ ತೆರುವುದನ್ನೇ ಆರಿಸಿಕೊಂಡುದು ಅಸಾಮರ್ಥ್ಯದಿಂದಲೋ ಮರುಕದಿಂದಲೋ ಎಂಬುದನ್ನು ಊಹೆಗೆ ಬಿಡಬೇಕಾಗಿದೆ.

ಸುಮಾರು ತೊಂಬತ್ತು ವರ್ಷಗಳ ತರುವಾಯ, ಅಚ್ಯುತರಾಯನ ಕಾಲದಲ್ಲಿ, ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು ಬರೆದ ವೃತ್ತಾಂತದಲ್ಲೂ ಪದ್ಧತಿ ಬದಲಾಗಿಲ್ಲ. ರಾಜಧಾನಿಯ ಕಳವುಗಳಿಗೆಲ್ಲ ನಗರದ ಮುಖ್ಯಾಧಿಕಾರಿ ಲೆಕ್ಕ ಒಪ್ಪಿಸಬೇಕು, ಆದುದರಿಂದಲೇ ಕಳವುಗಳು ವಿರಳ ಎನ್ನುತ್ತಾನೆ. ಕಳ್ಳ ಊರಿನಲ್ಲಿದ್ದಾನೆಯೆ ಇಲ್ಲವೆ ಎಂಬುದನ್ನು ಮಂತ್ರವಾದಿಗಳಿಂದ ತಿಳಿಯುತ್ತಿದ್ದರೆಂದೂ, ದೂರು ಕೊಡುವವನು ಸ್ವಲ್ಪ ಕಾಣಿಕೆ ಕೊಡಬೇಕಾಗಿತ್ತೆಂದೂ ಸೇರಿಸುತ್ತಾನೆ. ಮಂತ್ರವಾದಿಯ ಬೆರಳು ಯಾವ ಕೇರಿಯ ಕಡೆಗೆ ತೋರುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಉತ್ತರದಲ್ಲಿ ಅಕ್ಬರನ ಕೊತ್ವಾಲನ ಸ್ಥಿತಿಯೂ ಇದೇ. ಮೊಹಲ್ಲೆಗಳ ಮನೆಗಳ ದಾಖಲೆ, ತೂಕ ಅಳತೆಗಳ ತಪಾಸಣೆ, ಬೀದಿಗಳ ಮೇಲ್ವಿಚಾರಣೆ ಅವನಿಗೆ ಸೇರಿದ್ದವು. ಕಳ್ಳನನ್ನೂ ಸೊತ್ತನ್ನೂ ಹುಡುಕಬೇಕು, ಇಲ್ಲವಾದರೆ ನಷ್ಟಕ್ಕೆ ತಾನೇ ಹೊಣೆಯಾಗಬೇಕು ಎಂದು ಐನ್-ಇ-ಅಕ್ಬರಿ ವಿಧಿಸುತ್ತದೆ.

ವಿಜಯನಗರ ಹಾಳಾದ ಮೇಲೆ ಈ ಪದ್ಧತಿ ಅಳಿಯಲಿಲ್ಲ. ಅದು ಇಂಗ್ಲಿಷರ ಮದರಾಸಿಗೂ ದಾಟಿತು. ಹದಿನೇಳನೆಯ ಶತಮಾನದಲ್ಲಿ ಕಂಪೆನಿಯವರು ಪಟ್ಟಣದ ಕಾವಲನ್ನು ‘ಪೆದ್ದ ನಾಯಕ’ನೆಂಬ ದೇಶೀಯ ಮುಖ್ಯಸ್ಥನಿಗೆ ವಹಿಸಿದರು. ಅವನು ತಲಯಾರಿಗಳನ್ನು ಇಟ್ಟುಕೊಂಡು ಬೀದಿ ಕಾಯಬೇಕು. ಪ್ರತಿಫಲವಾಗಿ ಭೂಮಿಯ ಉತ್ಪತ್ತಿಯೂ ಸರಕುಗಳ ಮೇಲೆ ಸಣ್ಣ ಸುಂಕಗಳೂ ಅವನಿಗೆ. ಕಳವಾದ ಸೊತ್ತಿನ ಬೆಲೆಯನ್ನು ಅವನು ತುಂಬಿಕೊಡಬೇಕು. ಚೆನ್ನೈಯ ಪೆದ್ದನಾಯಕನಪೇಟೆಯ ಹೆಸರು ಇಂದಿಗೂ ಈ ಹುದ್ದೆಯ ಜ್ಞಾಪಕವಾಗಿ ಉಳಿದಿದೆ. ಊರು ಬೆಳೆದಂತೆ ಈ ಕರಾರು ಎರಡು ಪಕ್ಷಗಳಿಗೂ ಬೇಸರ ತಂದಿತು; ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಹುದ್ದೆಯೇ ಕೊನೆಗೊಂಡಿತು. ತಮಿಳು ನಾಡಿನ ಹಳ್ಳಿಗಳಲ್ಲಿ ಪಾಳೆಯಗಾರರು ‘ಕಾವಲ್’ ಹೆಸರಿನಲ್ಲಿ ಇದೇ ಹೊಣೆಯನ್ನು ಹೊತ್ತು, ಕಾವಲು ತೆರದ ಊರಿನಲ್ಲಿ ತಾವೇ ಕಳವು ಮಾಡಿಸುತ್ತಿದ್ದರೆಂಬ ಆಪಾದನೆಗೆ ಗುರಿಯಾಗಿದ್ದರು. ಆಪಾದನೆಯಲ್ಲಿ ಕಂಪೆನಿಯ ಸ್ವಾರ್ಥವೂ ಬೆರೆತಿತ್ತೆನ್ನಬಹುದು. ಆದರೆ ಅದು ಪೂರ್ತಿ ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ.

ಹೊಸ ವ್ಯವಸ್ಥೆ ಬಂದುದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಲಂಡನ್ನಿನಲ್ಲಿ 1829ರಲ್ಲಿ ಪೀಲ್ ಮಂತ್ರಿಯ ಕಾನೂನಿನಂತೆ ನಗರ ಪೋಲೀಸು ಹುಟ್ಟಿತ್ತು. ಅಪರಾಧವನ್ನು ಮೊದಲೇ ತಡೆಯುವುದೇ ಅದರ ಮುಖ್ಯೋದ್ದೇಶವೆಂದು ಸಾರಲಾಗಿತ್ತು. ಭಾರತದಲ್ಲಿ 1856ರ ಹದಿಮೂರನೆಯ ಕಾನೂನು ಕಲ್ಕತ್ತೆ, ಮದರಾಸು, ಮುಂಬಯಿ ಪಟ್ಟಣಗಳ ಪೋಲೀಸನ್ನು ಒಂದು ಕ್ರಮಕ್ಕೆ ತಂದಿತು. ಉಳಿದ ಪ್ರದೇಶಗಳಿಗೆ 1861ರ ಐದನೆಯ ಕಾನೂನು ಬಂದಿತು. ಇದಕ್ಕೆ ಮಾದರಿ ಲಂಡನ್ನಿಗಿಂತ ಹೆಚ್ಚಾಗಿ ಐರ್ಲೆಂಡಿನ ಪೋಲೀಸು ದಳ. ನೇಪಿಯರ್ ಸೇನಾನಿ 1843ರಲ್ಲಿ ಸಿಂಧ್ ಪ್ರಾಂತದಲ್ಲಿ ಆ ಮಾದರಿಯನ್ನು ಪ್ರಯೋಗಿಸಿದ್ದನು. ಸೇವೆಯ ಹಳೆಯ ಕೆಲಸಗಳು ಈ ಹೊಸ ಕಾನೂನಿನಲ್ಲಿ ಪೂರ್ತಿ ಅಳಿದುಹೋಗಲಿಲ್ಲ. ವಾರಸುದಾರರಿಲ್ಲದ ವಸ್ತುಗಳನ್ನು ವಶಕ್ಕೆ ತೆಗೆದುಕೊಂಡು ಪಟ್ಟಿ ಮಾಡಿ ಮ್ಯಾಜಿಸ್ಟ್ರೇಟನಿಗೆ ಕೊಡಬೇಕೆಂಬ 25ನೆಯ ಕಲಮನ್ನು ಓದುವಾಗ ಕೌಟಿಲ್ಯನ ನಾಗರಿಕನ ನೆನಪಾಗದಿರದು. ಬೀದಿಗೆ ಕಸ ಎಸೆಯುವವನನ್ನು ಹಿಡಿಯುವ ಅಧಿಕಾರ 34ನೆಯ ಕಲಮಿನಲ್ಲಿದೆ. ಕಲ್ಕತ್ತೆ ಮುಂಬಯಿಗಳಲ್ಲಿ ಬೆಂಕಿ ನಂದಿಸುವ ದಳವೂ ಬಹುಕಾಲ ಪೋಲೀಸು ಕಮಿಷನರ ಕೈಕೆಳಗೇ ಇತ್ತು.

ಬಿಟ್ಟುಹೋದುದು ಒಂದೇ: ನಷ್ಟದ ಹೊಣೆ. ಬಿಟ್ಟುಹೋಯಿತು ಎಂಬುದಕ್ಕಿಂತ ತಿರುಗಿಬಿದ್ದಿತು ಎಂಬುದು ಸರಿ. ಅದೇ ಕಾನೂನಿನ 15ನೆಯ ಕಲಮಿನಂತೆ, ಗಲಭೆಯ ಪ್ರದೇಶವೆಂದು ಸರಕಾರ ಸಾರಿದ ಕಡೆ ಹೆಚ್ಚಿನ ಪೋಲೀಸರನ್ನಿಟ್ಟು ಅವರ ಖರ್ಚನ್ನು ಅಲ್ಲಿನ ನಿವಾಸಿಗಳಿಂದಲೇ ವಸೂಲು ಮಾಡಬಹುದು. 1895ರಲ್ಲಿ ಇದಕ್ಕೆ ಇನ್ನೊಂದು ಕಲಮು ಸೇರಿ, ಅಂಥ ಪ್ರದೇಶದಲ್ಲಿ ಗಲಭೆಯಿಂದ ನೊಂದವರಿಗೆ ಕೊಡುವ ಪರಿಹಾರವನ್ನೂ ನಿವಾಸಿಗಳ ಮೇಲೆಯೇ ಹಾಕುವಂತಾಯಿತು. ಮೊದಲು ಕಾವಲುಗಾರನು ಪ್ರಜೆಗೆ ತೆರುತ್ತಿದ್ದನು. ಈಗ ಪ್ರಜೆಯು ಕಾವಲುಗಾರನಿಗೆ ತೆರಬೇಕಾಯಿತು. ಇಂಗ್ಲೆಂಡಿನಲ್ಲಿ ಹೀಗಾಗಲಿಲ್ಲವೆಂಬುದು ಗಮನಾರ್ಹ. ಅಲ್ಲಿ 1886ರ ಕಾನೂನಿನಂತೆ ದೊಂಬಿಯಲ್ಲಿ ಹಾಳಾದ ಅಂಗಡಿಮನೆಗಳ ಪರಿಹಾರವನ್ನು ಪೋಲೀಸು ನಿಧಿಯಿಂದ ಕೊಡಬೇಕಾಗಿತ್ತು. 2016ರಲ್ಲಿ ಬೇರೆ ಕಾನೂನು ಅದರ ಸ್ಥಾನಕ್ಕೆ ಬಂದರೂ ಪೋಲೀಸರ ಹೊಣೆ ಉಳಿದಿದೆ.

ಹೊಣೆಯನ್ನು ತೆಗೆದುದರಿಂದ ಚಿತ್ರಹಿಂಸೆ ನಿಂತಿತೆ? ಮದರಾಸು ಆಧಿಪತ್ಯದ ಚಿತ್ರಹಿಂಸಾ ಆಯೋಗವು 1855ರಲ್ಲಿ ಕೊಟ್ಟ ವರದಿ ಅಂದಿನ ಪೋಲೀಸು ಸುಧಾರಣೆಗೆ ಒಂದು ಮುಖ್ಯ ಪ್ರೇರಣೆ. ಆದರೆ 1902-03ರ ಫ್ರೇಜರ್ ಆಯೋಗವೂ ಹೊಸ ಪೋಲೀಸಿನ ದೌರ್ಜನ್ಯ ಲಂಚಗಳನ್ನು ಕಟುವಾಗಿಯೇ ಟೀಕಿಸಬೇಕಾಯಿತು. ಯಮದಂಡನ ಏಳು ದಿನಗಳ ಗಡುವು ಹೋಗಿತ್ತು. ಕುಷ್ಠರೋಗಿಯ ಪಾಡು ಹೋಗಿರಲಿಲ್ಲ. ಆದುದರಿಂದ ಹೊಣೆಯೇ ಹಿಂಸೆಗೆ ಮೂಲವೆಂಬ ವಾದಕ್ಕೆ ಚರಿತ್ರೆಯಲ್ಲಿ ಬಲವಾದ ಆಧಾರವಿಲ್ಲವೆಂದೇ ನಮ್ಮ ಅಭಿಪ್ರಾಯ.

ಕರ್ನಾಟಕದಲ್ಲಿ ಹಳೆಯ ಎಳೆ ಕಡಿದುದು ತೀರ ಈಚೆಗೆ. ಅಂದಿನ ಮೈಸೂರು ರಾಜ್ಯವು 1961ರ ಕಾನೂನಿನಿಂದ ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿತು. ತಳವಾರಿಕೆಯೂ ಅವುಗಳೊಡನೆ ಹೋಯಿತು. 1963ರಲ್ಲಿ ಬೆಂಗಳೂರು ನಗರಕ್ಕೆ ಪೋಲೀಸು ಕಮಿಷನರು ಬಂದರು. ತಳವಾರ ಎಂಬುದು ಇಂದು ಉತ್ತರ ಕರ್ನಾಟಕದಲ್ಲಿ ಒಂದು ಅಡ್ಡಹೆಸರಾಗಿ ಉಳಿದಿದೆ.

ಸ್ವತಂತ್ರ ಭಾರತದ ನ್ಯಾಯಾಲಯಗಳ ಮುಂದೆ ನಮ್ಮ ಹಳೆಯ ಪ್ರಶ್ನೆ ಮತ್ತೆ ಬಂದಿತು. ಮೀರತ್ತಿನಲ್ಲಿ 1947ರ ಸೆಪ್ಟೆಂಬರಿನಲ್ಲಿ ಪೋಲೀಸರು ಒಬ್ಬ ವರ್ತಕನನ್ನು ಸಂಶಯದಿಂದ ಹಿಡಿದು ಅವನಲ್ಲಿದ್ದ ಚಿನ್ನ ಬೆಳ್ಳಿಗಳನ್ನು ವಶಪಡಿಸಿಕೊಂಡರು. ಅವನನ್ನು ಬಿಟ್ಟ ಮೇಲೆ ಬೆಳ್ಳಿ ಹಿಂದಕ್ಕೆ ಬಂದಿತು, ಚಿನ್ನ ಬರಲಿಲ್ಲ. ಉಗ್ರಾಣದ ಹೊಣೆಯಿದ್ದ ಹೆಡ್ ಕಾನ್‌ಸ್ಟೇಬಲನು ಅದನ್ನು ತೆಗೆದುಕೊಂಡು ಪಾಕಿಸ್ತಾನಕ್ಕೆ ಓಡಿಹೋಗಿದ್ದನು. ಕಸ್ತೂರಿಲಾಲ್ ಮೊಕದ್ದಮೆಯೆಂದು ಪ್ರಸಿದ್ಧವಾದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ, ಪೋಲೀಸರು ರಾಜ್ಯದ ಸಾರ್ವಭೌಮಾಧಿಕಾರದಿಂದ ನಡೆದುಕೊಂಡುದರಿಂದ ಸರಕಾರ ಹೊಣೆಯಲ್ಲವೆಂದು ತೀರ್ಪು ಕೊಟ್ಟಿತು. ಈ ಸ್ಥಿತಿ ತೃಪ್ತಿಕರವಲ್ಲ, ಶಾಸನಸಭೆ ಇದನ್ನು ಗಮನಿಸಬೇಕು ಎಂದೂ ಹೇಳಿತು. ವಿಜ್ಞಾನೇಶ್ವರನ ನಿರ್ಣಯದೊಡನೆ ಹೋಲಿಸಿದರೆ ಸಾರ್ವಭೌಮತ್ವದ ಅರ್ಥ ಎಷ್ಟು ತಲೆಕೆಳಗಾಗಿದೆಯೆಂಬುದು ಕಾಣುತ್ತದೆ. ಅವನ ಮತದಲ್ಲಿ ರಾಜನಾಗಿರುವುದರಿಂದಲೇ ಹೊಣೆ. ಇಲ್ಲಿ ರಾಜ್ಯವಾಗಿರುವುದರಿಂದಲೇ ಹೊಣೆಯಿಲ್ಲ.

ಮನುಷ್ಯರ ಪ್ರಾಣಕ್ಕೆ ಸಂಬಂಧಿಸಿದಂತೆ ಈ ನಿಲುವು ಈಗ ಸಡಿಲವಾಗಿದೆ. ಪೋಲೀಸರ ವಶದಲ್ಲಿ ಸತ್ತವನ ತಾಯಿಗೆ ರಾಜ್ಯವೇ ಪರಿಹಾರ ಕೊಡಬೇಕೆಂದು 1993ರ ನೀಲಾಬತಿ ಬೆಹೆರಾ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಆಜ್ಞಾಪಿಸಿತು; ಮೂಲಭೂತ ಹಕ್ಕುಗಳ ಭಂಗಕ್ಕೆ ಸಾರ್ವಭೌಮತ್ವದ ಆಸರೆ ಸಲ್ಲದೆಂದು ಹೇಳಿತು. ಸೊತ್ತಿನ ವಿಚಾರದಲ್ಲಿ ಅದಕ್ಕೂ ಹಿಂದೆ, 1977ರಲ್ಲಿ, ಮೈಸೂರು ರಾಜ್ಯದಿಂದಲೇ ಹೋದ ಒಂದು ಮೊಕದ್ದಮೆ ಇತ್ಯರ್ಥವಾಗಿತ್ತು. ಒಬ್ಬ ಮಹಿಳೆಯ ಮನೆಯಲ್ಲಿ ಕಳವಾದ ಒಡವೆಗಳನ್ನು ಪೋಲೀಸರು ಪತ್ತೆಮಾಡಿದ್ದರು. ಪತ್ತೆಯಾದ ಒಡವೆಗಳು ಪೋಲೀಸರ ವಶದಲ್ಲಿದ್ದಾಗಲೇ ಕಾಣೆಯಾದವು. ತಕ್ಕ ಎಚ್ಚರಿಕೆ ವಹಿಸಿದ್ದೆವೆಂದು ಸರಕಾರ ತೋರಿಸಿಕೊಡಲಾರದೆ ಹೋದುದರಿಂದ, ಅವುಗಳ ಬೆಲೆಯಾಗಿ 10,000 ರೂಪಾಯಿಗಳನ್ನು ಆಕೆಗೆ ಕೊಡಬೇಕೆಂದು ನ್ಯಾಯಾಲಯ ವಿಧಿಸಿತು. ಅಬ್ದುರ್ ರಜಾಕನ ಸಂಗಡಿಗರಿಗೆ ಬೆಲೆ ಕೊಟ್ಟವರು ಬಡಕೇರಿಯ ಕಾವಲುಗಾರರು. ಈಕೆಗೆ ಕೊಡಬೇಕಾದುದು ಬೊಕ್ಕಸ. ಆದರೆ ಈ ಹೊಣೆ ಸೊತ್ತು ಒಮ್ಮೆ ಪೋಲೀಸರ ಕೈ ಸೇರಿದ ಮೇಲೆ ಮಾತ್ರ. ಕಳ್ಳನೊಡನೆ ಹೋಗಿ ಮತ್ತೆ ಬಾರದ ಒಡವೆಗೆ ಮಿತಾಕ್ಷರಾಕಾರನು ಬೊಕ್ಕಸವನ್ನು ತೋರಿಸಿದ್ದನು; ಇಂದಿನ ತೀರ್ಪು ಅಷ್ಟು ದೂರ ಹೋಗಿಲ್ಲ.